ಐದು, ಏಳು, ಹನ್ನೆರಡು: ‘ಲ್ಯಾಟರಾಲಸ್’ ಆಲ್ಬಮ್ಮಿನ ಲೆಕ್ಕ ಬಿಡಿಸಿ ನೋಡಿದಾಗ

ತಬಲಾ ಕಲಿಸುವ ನಮ್ಮ ಗುರುಗಳಿಗೆ ಪಾಶ್ಚಾತ್ಯ ಸಂಗೀತದ ಗೊಡವೆ ಇರಲಿಲ್ಲ. ಕಲಬುರಗಿಯ ಬ್ರಹ್ಮಪುರದ ಓಣಿಯೊಂದರಲ್ಲಿ ಅವರ ಮನೆ. ಏಪ್ರಿಲ್ ತಿಂಗಳ ಒಂದು ಸಂಜೆ ಪಾಠ ಮುಗಿದಿತ್ತು, ಕರೆಂಟ್ ಹೋಗಿ ಫ್ಯಾನ್ ನಿಂತಿತ್ತು, ಗೋಡೆಗಳು ಹಗಲಿನ ಬಿಸಿಲನ್ನು ಇನ್ನೂ ಉಗುಳುತ್ತಿದ್ದವು. ಮೊಬೈಲಿನಲ್ಲಿ ಒಂದು ಹಾಡು ಹಾಕಿ, ‘ಇದರ ತಾಳ ನನಗೆ ಸಿಗುತ್ತಿಲ್ಲ, ನೀವೊಮ್ಮೆ ಕೇಳಿ ಗುರುಗಳೇ’ ಎಂದೆ. ಅವರು ಕಣ್ಣು ಮುಚ್ಚಿ ಬಲಗೈ ಹೆಬ್ಬೆರಳನ್ನು ಬೆರಳ ಗೆಣ್ಣುಗಳ ಮೇಲೆ ಓಡಿಸತೊಡಗಿದರು. ಮೊದಲ ಸುತ್ತು ತಪ್ಪಿತು. ಎರಡನೆಯ ಸುತ್ತಿಗೆ ಬೆರಳು ನಿಂತಿತು. ಮೂರನೆಯದಕ್ಕೆ ತೊಡೆಯ ಮೇಲೆ ಚಪ್ಪಾಳೆ ಬಿತ್ತು. ‘ಐದು, ಆಮೇಲೆ ಏಳು. ಹನ್ನೆರಡು ಮಾತ್ರೆ. ಏಕತಾಲವನ್ನು ಬೇರೆ ಜಾಗದಲ್ಲಿ ಕತ್ತರಿಸಿದ್ದಾನೆ, ಅಷ್ಟೇ. ಬಾರಿಸುವವನು ತಬಲಾ ಕಲಿತವನೇನು?’

ಅವರ ಊಹೆ ಸರಿಯಾಗಿತ್ತು. ಹಾಡಿನ ಹೆಸರು ‘ಸ್ಕಿಸಮ್’. ತಂಡ ಅಮೆರಿಕದ ಟೂಲ್. ಡ್ರಮ್ ಬಾರಿಸುವ ಡ್ಯಾನಿ ಕ್ಯಾರಿ ಅಲ್ಲಿ ನೆಲೆಸಿದ್ದ ತಬಲಾ ವಾದಕ ಆಲೋಕ್ ದತ್ತಾ ಅವರ ಬಳಿ ಕಲಿತವರು. 2001ರ ಮೇ 15ರಂದು ಹೊರಬಂದ ‘ಲ್ಯಾಟರಾಲಸ್’ ಆಲ್ಬಮ್ಮಿನ ಐದನೆಯ ಹಾಡು ಇದು. ಈ ಆಲ್ಬಮ್ ಅರ್ಥವಾಗುವುದಿಲ್ಲ, ಅದಕ್ಕೆ ಗಣಿತ ಗೊತ್ತಿರಬೇಕು ಎಂಬ ಮಾತನ್ನು ಇಪ್ಪತ್ತು ವರ್ಷಗಳಿಂದ ಕೇಳುತ್ತಾ ಬಂದಿದ್ದೇನೆ. ಆ ಗಣಿತದ ಬಹುಪಾಲನ್ನು ಕನ್ನಡ ಶಾಲೆಯ ಛಂದಸ್ಸಿನ ಪಾಠದಲ್ಲಿ ನಾವೆಲ್ಲ ಕಲಿತಿದ್ದೇವೆ. ಅದನ್ನು ಬಿಡಿಸಿ ಹೇಳಬೇಕೆಂಬ ಆಸೆ ಬಹಳ ದಿನಗಳದ್ದು.

ಮೊದಲು ಈ ಪ್ರಕಾರದ ಬಗ್ಗೆ ಎರಡು ಮಾತು. ಮೆಟಲ್ ಎಂದರೆ ಭಾರವಾದ, ವಿಕೃತಗೊಳಿಸಿದ ಗಿಟಾರ್ ನಾದದ ರಾಕ್ ಸಂಗೀತ. 1980ರ ದಶಕದ ಕೊನೆಗೆ ಮತ್ತು 90ರ ದಶಕದಲ್ಲಿ ಕೆಲವು ತಂಡಗಳು ಆ ಭಾರವನ್ನು ಉಳಿಸಿಕೊಂಡು, ವೇಗದ ಪೈಪೋಟಿಯನ್ನೂ ಉದ್ದುದ್ದ ಗಿಟಾರ್ ಪ್ರದರ್ಶನವನ್ನೂ ಕೈಬಿಟ್ಟವು. ಬೇರೆ ಸಂಗೀತಗಳಿಂದ ಲಯ, ಮೌನ, ಆತ್ಮಶೋಧನೆಯ ಸಾಹಿತ್ಯವನ್ನು ತಂದುಕೊಂಡವು. ಇವುಗಳಿಗೆ ಆಲ್ಟರ್ನೇಟಿವ್ ಮೆಟಲ್ ಎಂಬ ಹೆಸರು ಬಿತ್ತು. ಟೂಲ್ ತಂಡದಲ್ಲಿರುವವರು ನಾಲ್ವರು: ಹಾಡುವ ಮೇನಾರ್ಡ್ ಜೇಮ್ಸ್ ಕೀನನ್, ಗಿಟಾರಿನ ಆ್ಯಡಮ್ ಜೋನ್ಸ್, ಬೇಸ್ ಗಿಟಾರಿನ ಜಸ್ಟಿನ್ ಚಾನ್ಸಲರ್, ಮತ್ತು ಕ್ಯಾರಿ.

ಹಿಂದಿನ ಆಲ್ಬಮ್ ಬಂದದ್ದು 1996ರಲ್ಲಿ. ನಡುವಿನ ಐದು ವರ್ಷಗಳಲ್ಲಿ ಧ್ವನಿಮುದ್ರಣ ಕಂಪನಿಯೊಂದಿಗಿನ ವ್ಯಾಜ್ಯ ತಂಡದ ಸಮಯವನ್ನು ನುಂಗಿತು. ಕೀನನ್ ‘ಎ ಪರ್ಫೆಕ್ಟ್ ಸರ್ಕಲ್’ ಎಂಬ ಇನ್ನೊಂದು ತಂಡದ ಜೊತೆ 2000ದಲ್ಲಿ ಬೇರೊಂದು ಆಲ್ಬಮ್ಮನ್ನೇ ತಂದರು. ಉಳಿದ ಮೂವರು ತಾಲೀಮು ಬಿಡಲಿಲ್ಲ. ಈ ತಂಡದ ಕೆಲಸದ ಕ್ರಮ ಹೀಗಿದೆ: ವಾದ್ಯಗಳವರು ತಿಂಗಳುಗಟ್ಟಲೆ ಕೂಡಿ ಬಾರಿಸುತ್ತಾ ಒಂದೊಂದು ತುಣುಕನ್ನು ತಿರುತಿರುಗಿ ಮಥಿಸುತ್ತಾರೆ, ಸಂಗೀತ ಗಟ್ಟಿಯಾದ ಮೇಲೆ ಕೀನನ್ ಮಾತು ಸೇರಿಸುತ್ತಾರೆ. ನಮ್ಮ ಚಲನಚಿತ್ರ ಗೀತೆಗಳಲ್ಲಿ ಟ್ಯೂನಿಗೆ ಸಾಹಿತ್ಯ ಬರೆಯುವ ರೂಢಿ ಇದೆಯಲ್ಲ, ಅದೇ ಬಗೆ. ಆದರೆ ಇಲ್ಲಿನ ಟ್ಯೂನು ಒಂಬತ್ತು ನಿಮಿಷದ್ದು, ನಾಲ್ಕಾರು ಬಾರಿ ತಾಳ ಬದಲಿಸುವಂಥದ್ದು. ನಿರ್ಮಾಪಕ ಡೇವಿಡ್ ಬಾಟ್ರಿಲ್ ಜೊತೆ 2000ದ ಕೊನೆಯಲ್ಲಿ ಲಾಸ್ ಏಂಜಲೀಸ್ ಆಸುಪಾಸಿನ ಸ್ಟುಡಿಯೊಗಳಲ್ಲಿ ಧ್ವನಿಮುದ್ರಣ ನಡೆಯಿತು.

ಅದು ಜನ ಅಂತರ್ಜಾಲದಲ್ಲಿ ಹಾಡುಗಳನ್ನು ಪುಕ್ಕಟೆ ಹಂಚಿಕೊಳ್ಳುತ್ತಿದ್ದ ನ್ಯಾಪ್‌ಸ್ಟರ್ ಸೇವೆಯ ಕಾಲ. ಬಿಡುಗಡೆಗೆ ಮುಂಚೆಯೇ ಹಾಡುಗಳು ಅಂತರ್ಜಾಲದಲ್ಲಿ ಸೋರಿಹೋಗುವ ಭಯ ಎಲ್ಲರಿಗೂ ಇತ್ತು. 2001ರ ಜನವರಿಯಲ್ಲಿ ತಂಡ ಹೊಸ ಆಲ್ಬಮ್ಮಿನ ಹೆಸರು ‘ಸಿಸ್ಟೆಮಾ ಆನ್ಸೆಫಾಲ್’ ಎಂದು ಪ್ರಕಟಿಸಿತು, ಹಾಡುಗಳ ಪಟ್ಟಿಯನ್ನೂ ಕೊಟ್ಟಿತು. ಹೆಸರೂ ಸುಳ್ಳು, ಪಟ್ಟಿಯೂ ಸುಳ್ಳು. ಆ ಹೆಸರಿನ ನಕಲಿ ಕಡತಗಳೆಲ್ಲ ಹರಿದಾಡಿದ ಮೇಲೆ ನಿಜವಾದ ಹೆಸರು ಹೊರಬಿತ್ತು. ತೊಡೆಯ ಹೊರಮಗ್ಗುಲಿನ ಸ್ನಾಯುವಿನ ಲ್ಯಾಟಿನ್ ಹೆಸರಿನಲ್ಲಿರುವ ‘ಲ್ಯಾಟರಾಲಿಸ್’ ಮತ್ತು ಹೊಸ ದಾರಿಯಿಂದ ಆಲೋಚಿಸುವುದಕ್ಕೆ ಇಂಗ್ಲಿಷಿನಲ್ಲಿರುವ ‘ಲ್ಯಾಟರಲ್ ಥಿಂಕಿಂಗ್’ ಎಂಬ ಮಾತು, ಎರಡೂ ಕೂಡಿದ ಪದ ಅದು. ದೇಹ ಮತ್ತು ಬುದ್ಧಿ. ಈ ಜೋಡಿಯನ್ನು ನೆನಪಿನಲ್ಲಿಟ್ಟುಕೊಳ್ಳಿ.

ಸಿಡಿ ತಯಾರಿಸುವವರು 79 ನಿಮಿಷಕ್ಕಿಂತ ಹೆಚ್ಚಿಗೆ ಖಾತರಿ ಕೊಡಲಾರೆವೆಂದಿದ್ದರಂತೆ. ತಂಡ ಅದರೊಳಗೆ ಕೆಲವೇ ಸೆಕೆಂಡು ಉಳಿಸಿ ಹದಿಮೂರು ತುಣುಕು ತುಂಬಿತು. ಅವುಗಳಲ್ಲಿ ಒಂದರ ಹೆಸರು ‘ಮಂತ್ರ’. ಯಾವುದೋ ಮಠದೊಳಗಿನ ಗಂಭೀರ ಘೋಷದಂತೆ ಕೇಳುವ ಆ ಒಂದು ನಿಮಿಷದ ನಾದ ಕೀನನ್ ತನ್ನ ಬೆಕ್ಕನ್ನು ಮೆಲ್ಲಗೆ ಅಪ್ಪಿ ಒತ್ತಿದಾಗ ಅದು ಹೊರಡಿಸಿದ ದನಿ, ವೇಗ ತಗ್ಗಿಸಿದ್ದು. ತಿಳಿದ ಮೇಲೂ ನನಗೆ ಅದು ಘೋಷವಾಗಿಯೇ ಕೇಳುತ್ತದೆ.

ಇನ್ನು ಎಣಿಕೆಗೆ ಬರೋಣ. ಸಾಮಾನ್ಯ ರಾಕ್ ಹಾಡು ನಾಲ್ಕು ನಾಲ್ಕಾಗಿ ನಡೆಯುತ್ತದೆ. ಶ್ರಾವಣದಲ್ಲಿ ನಮ್ಮ ಓಣಿಯ ಭಜನೆ ಮಂಡಳಿಯವರು ಬಾರಿಸುವ ಭಜನಿ ಠೇಕಾದಂತೆ ಅದಕ್ಕೆ ಕಾಲು ತಾನಾಗಿ ಕುಣಿಯುತ್ತದೆ. ಟೂಲ್ ಆ ಸಮ ನಡೆಯನ್ನು ಪದೇಪದೇ ಮುರಿಯುತ್ತದೆ. ಆಲ್ಬಮ್ಮಿನ ಮೊದಲ ಹಾಡು ‘ದಿ ಗ್ರಡ್ಜ್’ ಮುಖ್ಯವಾಗಿ ಐದರ ಎಣಿಕೆಯದು. ‘ಟಿಕ್ಸ್ ಆ್ಯಂಡ್ ಲೀಚಸ್’ ಏಳರದು. ಐದು, ಏಳು ಎಂದೊಡನೆ ಪಾಶ್ಚಾತ್ಯ ಕೇಳುಗರಿಗೆ ಕಷ್ಟವಾಗುತ್ತದೆ, ಬರಹಗಾರರು ‘ವಿಷಮ ತಾಳ’ ಎಂದು ಬೆರಗಾಗುತ್ತಾರೆ. ನಮಗೆ ಇದು ಹೊಸತೇ? ವಾರ್ಧಕ ಷಟ್ಪದಿ ನಡೆಯುವುದು ಐದೈದು ಮಾತ್ರೆಯ ಗಣಗಳಲ್ಲಿ. ಭಾಮಿನಿ ನಡೆಯುವುದು ಮೂರು ನಾಲ್ಕು, ಮೂರು ನಾಲ್ಕು ಎಂದು, ಅಂದರೆ ಏಳೇಳರ ಹೆಜ್ಜೆಯಲ್ಲಿ. ಗಮಕಿಗಳು ಕುಮಾರವ್ಯಾಸನನ್ನು ಓದುವಾಗ ತಲೆದೂಗುವ ಹಳ್ಳಿಯ ಅಜ್ಜಿ ಯಾವ ಲೆಕ್ಕವನ್ನೂ ಹಾಕುವುದಿಲ್ಲ, ಏಳು ಅವಳ ಮೈಯಲ್ಲಿರುತ್ತದೆ. ಹಿಂದೂಸ್ತಾನಿಯ ರೂಪಕ ತಾಲವೂ ಏಳು ಮಾತ್ರೆಯದೇ.

‘ಸ್ಕಿಸಮ್’ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ. ಚಾನ್ಸಲರ್ ಬೇಸ್ ಗಿಟಾರಿನಲ್ಲಿ ಮೀಟುವ ಮುಖ್ಯ ಪಲುಕು ಒಮ್ಮೆ ಐದು, ಒಮ್ಮೆ ಏಳು. ಹನ್ನೆರಡನ್ನು ಆರು ಆರಾಗಿ ಒಡೆದಿದ್ದರೆ ಸರಾಗ. ಐದು ಏಳಾಗಿ ಒಡೆದಾಗ ಒಂದು ಕಾಲು ಗಿಡ್ಡ, ಒಂದು ಕಾಲು ಉದ್ದ. ಕೇಳುವಾಗ ಸ್ವಲ್ಪ ಕುಂಟಿದಂತೆ, ಆದರೆ ಬೀಳದೆ ನಡೆದಂತೆ. ಹೆಸರಿನ ಅರ್ಥವೇ ‘ಒಡಕು’. ಕೂಡಿ ಬಾಳಿದವರ ನಡುವೆ ಮಾತು ನಿಂತುಹೋಗುವುದರ ಬಗೆಗಿನ ಹಾಡು. ಒಡಕನ್ನು ಮಾತಿನಲ್ಲಿ ಹೇಳುವ ಮೊದಲೇ ತಾಳದಲ್ಲಿ ಒಡೆದು ತೋರಿಸಿದ್ದಾರೆ. ನಮ್ಮ ಗುರುಗಳು ಇದನ್ನು ಮೆಚ್ಚಿಕೊಂಡದ್ದು ಬೇರೆ ಕಾರಣಕ್ಕೆ: ‘ಎಲ್ಲೆಲ್ಲೋ ತಿರುಗಿದರೂ ಸಮಕ್ಕೆ ಬಂದು ಕೂಡುತ್ತಾರೆ ನೋಡು.’ ಸಮವೆಂದರೆ ತಾಳದ ಆವರ್ತನದ ಮೊದಲ ಮಾತ್ರೆ.

ಈಗ ಎಲ್ಲರೂ ಮಾತನಾಡುವ ಹಾಡು, ಆಲ್ಬಮ್ಮಿನದೇ ಹೆಸರಿನ ‘ಲ್ಯಾಟರಾಲಸ್’. ಕೀನನ್ ಇದರ ಮೊದಲ ನುಡಿಯನ್ನು ಹಾಡುವಾಗ ಪ್ರತಿ ಉಸಿರಿಗೆ ಎಷ್ಟು ಉಚ್ಚಾರಾಂಶ ಎಂದು ಎಣಿಸಿ: 1, 1, 2, 3, 5, 8. ಅಲ್ಲಿಂದ ಇಳಿಕೆ: 5, 3. ಮತ್ತೆ 2, 1, 1, 2, 3, 5, 8. ಮುಂದೆ 13ನ್ನೂ ಮುಟ್ಟಿ 8, 5, 3 ಎಂದು ಇಳಿಯುತ್ತದೆ. ಪ್ರತಿ ಸಂಖ್ಯೆಯೂ ಅದರ ಹಿಂದಿನ ಎರಡರ ಮೊತ್ತ. ಜಗತ್ತು ಇದನ್ನು ಫಿಬೊನಾಚಿ ಸರಣಿ ಎನ್ನುತ್ತದೆ. 1202ರಲ್ಲಿ ಪೀಸಾ ನಗರದ ಲಿಯೊನಾರ್ಡೊ ತನ್ನ ಗ್ರಂಥದಲ್ಲಿ ಮೊಲಗಳ ಸಂತಾನದ ಲೆಕ್ಕವಾಗಿ ಇದನ್ನು ಕೊಟ್ಟ. ಅದಕ್ಕೂ ಶತಮಾನಗಳ ಹಿಂದೆ ವಿರಹಾಂಕ, ಅನಂತರ ಸುಮಾರು 1150ರಲ್ಲಿ ಹೇಮಚಂದ್ರ, ಇದೇ ಸರಣಿಯನ್ನು ಛಂದಸ್ಸಿನಲ್ಲಿ ಕಂಡಿದ್ದರು. ಹೇಗೆಂದು ನೋಡಲು ಒಂದು ಕಾಗದ, ಪೆನ್ನು ಸಾಕು.

ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ನಾಲ್ಕು ಮಾತ್ರೆಯ ಗಣ ಎಷ್ಟು ಬಗೆಯಲ್ಲಿ ಬರಬಹುದು? ನಮ್ಮ ಸೀಮೆಯ ಊರುಗಳನ್ನೇ ತೆಗೆದುಕೊಳ್ಳಿ. ‘ಸೇಡಂ’ ಎಂದರೆ ಎರಡು ಗುರು. ‘ಬೀದರ’ ಎಂದರೆ ಒಂದು ಗುರು, ಎರಡು ಲಘು. ‘ಸುರಪುರ’ ನಾಲ್ಕೂ ಲಘು. ಉಳಿದ ಎರಡಕ್ಕೆ ಊರು ಹುಡುಕಿ ಸೋತು ಬೇರೆ ಪದ ಆರಿಸಿದೆ: ಲಘುಗಳ ನಡುವೆ ಗುರು ಬರುವ ‘ಬಜಾರ’, ಕೊನೆಯಲ್ಲಿ ಗುರು ಬರುವ ‘ಶರಣಾ’. ಒಟ್ಟು ಐದು, ಆರನೆಯದು ಸಾಧ್ಯವೇ ಇಲ್ಲ. ಮೂರು ಮಾತ್ರೆಗೆ ಇದೇ ಲೆಕ್ಕ ಹಾಕಿದರೆ ಮೂರು ಬಗೆ, ಎರಡಕ್ಕೆ ಎರಡು, ಒಂದಕ್ಕೆ ಒಂದು. ಐದು ಮಾತ್ರೆಗೆ ಎಂಟು ಬಗೆ, ‘ಕಲಬುರಗಿ’ ಅವುಗಳಲ್ಲಿ ಒಂದು, ಐದೂ ಲಘು. ‘ಯಾದಗಿರಿ’ ಮತ್ತೊಂದು. ಸಾಲಾಗಿ ಬರೆಯಿರಿ: 1, 2, 3, 5, 8.

ಏಕೆ ಹೀಗಾಗುತ್ತದೆ? ಯಾವುದೇ ಗಣದ ಕೊನೆಯ ಅಕ್ಷರ ಲಘುವಾಗಿರಬೇಕು, ಇಲ್ಲವೇ ಗುರುವಾಗಿರಬೇಕು. ಐದು ಮಾತ್ರೆಯ ಗಣ ಲಘುವಿನಿಂದ ಮುಗಿದರೆ ಅದರ ಹಿಂದೆ ನಾಲ್ಕು ಮಾತ್ರೆ ಉಳಿಯುತ್ತದೆ, ಅದಕ್ಕೆ ಐದು ಬಗೆ. ಗುರುವಿನಿಂದ ಮುಗಿದರೆ ಹಿಂದೆ ಮೂರು ಮಾತ್ರೆ, ಅದಕ್ಕೆ ಮೂರು ಬಗೆ. ಐದು ಮತ್ತು ಮೂರು ಎಂಟು. ಹೀಗೆ ಪ್ರತಿ ಸಂಖ್ಯೆಯೂ ಹಿಂದಿನ ಎರಡನ್ನು ಹೊತ್ತುಕೊಂಡು ಹುಟ್ಟುತ್ತದೆ. ಮೊಲದ ಕಥೆಗಿಂತ ಈ ವಿವರಣೆ ನನಗೆ ಹೆಚ್ಚು ಇಷ್ಟ, ಏಕೆಂದರೆ ಇದನ್ನು ಬಾಯಿಯಿಂದ ಉಚ್ಚರಿಸಿ ಪರೀಕ್ಷಿಸಬಹುದು.

ಕಲಬುರಗಿಯಿಂದ ಸೇಡಂ ರಸ್ತೆಯಲ್ಲಿ ಸಿಮೆಂಟ್ ಲಾರಿಗಳ ಹಿಂದೆ ಹೋದರೆ ಕಾಗಿಣಾ ನದಿಯ ದಂಡೆಯಲ್ಲಿ ಮಳಖೇಡ ಸಿಗುತ್ತದೆ. ರಾಷ್ಟ್ರಕೂಟರ ಮಾನ್ಯಖೇಟ. ಕವಿರಾಜಮಾರ್ಗ ಹುಟ್ಟಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿಯೇ, 850ರ ಸುಮಾರಿಗೆ, ಮಹಾವೀರಾಚಾರ್ಯ ಗಣಿತಸಾರಸಂಗ್ರಹವನ್ನು ಬರೆದ. ಇಷ್ಟು ವಸ್ತುಗಳಿಂದ ಇಂತಿಷ್ಟನ್ನು ಆರಿಸುವ ಬಗೆಗಳೆಷ್ಟು ಎಂಬುದಕ್ಕೆ ಅದರಲ್ಲಿ ಸಾಮಾನ್ಯ ಸೂತ್ರವಿದೆ, ಛಂದಸ್ಸಿನ ಪ್ರಸ್ತಾರದ ಲೆಕ್ಕವೂ ಇದೆ. ಕಾವ್ಯವನ್ನೂ ಎಣಿಕೆಯನ್ನೂ ಒಂದೇ ಆಸ್ಥಾನ ಪೋಷಿಸಿತ್ತು. ಮಳಖೇಡದ ಕೋಟೆಯೊಳಗೆ ನಿಂತು ಇಯರ್‌ಫೋನಿನಲ್ಲಿ ಈ ಹಾಡನ್ನು ಕೇಳಿದ್ದೇನೆ. ಅಂದು ಯಾಕೋ ಕಣ್ಣು ತುಂಬಿತ್ತು.

ಆದರೂ ಒಂದು ಎಚ್ಚರಿಕೆ ಹೇಳಲೇಬೇಕು. ನಮ್ಮ ಛಂದಸ್ಸಿನಲ್ಲಿ ಈ ಸರಣಿ ಬರುವುದು ಗಣಗಳ ಬಗೆಗಳನ್ನು ಎಣಿಸುವಾಗ. ಕೀನನ್ ಎಣಿಸಿದ್ದು ಉಸಿರಿಗೆ ಎಷ್ಟು ಉಚ್ಚಾರಾಂಶ ಎಂಬುದನ್ನು. ಎರಡೂ ಒಂದೇ ಅಲ್ಲ, ಅವರು ನಮ್ಮಿಂದ ಪಡೆದರು ಎಂದು ಎದೆ ತಟ್ಟಿಕೊಳ್ಳಲು ಯಾವ ಆಧಾರವೂ ಇಲ್ಲ. ನಾನು ಹೇಳುವುದು ಇಷ್ಟೇ: ಮಾತನ್ನು ಅಳೆದು ತೂಗಿ ನುಡಿಯುವವರಿಗೆ ಈ ಸಂಖ್ಯೆಗಳು ಎದುರಾಗುತ್ತವೆ. ಹಾಡಿನೊಳಗಿನ ಆಕಾರವನ್ನು ಗುರುತಿಸಲು ನಮ್ಮ ಸಂಗೀತಶಾಸ್ತ್ರದಲ್ಲಿ ಹೆಸರುಗಳೂ ಇವೆ. ಹೊಳೆ ಹರಿದಂತೆ ಕಿರಿದರಿಂದ ಹಿರಿದಾಗುವುದು ಸ್ರೋತೋಗತ ಯತಿ. ಹಸುವಿನ ಬಾಲದಂತೆ ಹಿರಿದರಿಂದ ಕಿರಿದಾಗುವುದು ಗೋಪುಚ್ಛ ಯತಿ. ನಡುವೆ ಉಬ್ಬಿ ಎರಡೂ ತುದಿ ಸಣ್ಣಗಾದರೆ ಮೃದಂಗ ಯತಿ. ಒಂದರಿಂದ ಎಂಟಕ್ಕೆ ಏರಿ ಮತ್ತೆ ಒಂದಕ್ಕೆ ಇಳಿಯುವ ಕೀನನ್ನರ ನುಡಿ ಸಾಕ್ಷಾತ್ ಮೃದಂಗ ಯತಿ.

ಅದೇ ಹಾಡಿನ ಪಲ್ಲವಿಯ ಭಾಗದಲ್ಲಿ ವಾದ್ಯಗಳು ಒಂಬತ್ತು, ಎಂಟು, ಏಳು ಎಂದು ನಡೆಯುತ್ತವೆ. ಪ್ರತಿ ಸುತ್ತೂ ಒಂದು ಮಾತ್ರೆ ಕಡಿಮೆ, ಯಾರೋ ಹಗ್ಗ ಹಿಡಿದು ನಮ್ಮನ್ನು ಒಳಕ್ಕೆ ಎಳೆದುಕೊಳ್ಳುವಂತೆ. ಇದು ಗೋಪುಚ್ಛ. ಮೂರೂ ಕೂಡಿದರೆ 24, ಏಕತಾಲದ ಎರಡು ಆವರ್ತನ. ಹಾಡಿಗೆ ತಂಡ ಮೊದಲು ಇಟ್ಟುಕೊಂಡಿದ್ದ ಹೆಸರೇ ‘9-8-7’. ಆಮೇಲೆ ನೋಡಿದರೆ 987 ಫಿಬೊನಾಚಿ ಸರಣಿಯ 16ನೆಯ ಸಂಖ್ಯೆ! ಇದು ಯೋಜನೆ ಮಾಡಿದ್ದಲ್ಲ, ಅನಂತರ ಗೊತ್ತಾದದ್ದು ಎಂದು ಕ್ಯಾರಿ ಹೇಳಿದ್ದಾರೆ. ಈ ಪ್ರಾಮಾಣಿಕತೆ ನನಗೆ ಹಿಡಿಸಿತು. ಮೊದಲು ಕೈ ಬಾರಿಸಿತು, ಲೆಕ್ಕ ಹಿಂದಿನಿಂದ ಬಂದಿತು.

ನಾದದ ಬಗ್ಗೆಯೂ ಒಂದು ಮಾತು. ಟೂಲ್ ತಂಡದವರು ಗಿಟಾರಿನ ಅತಿ ಕೆಳಗಿನ ತಂತಿಯನ್ನು ಒಂದು ಸ್ವರ ಇಳಿಸಿ ಶ್ರುತಿ ಮಾಡುತ್ತಾರೆ. ಹಾಗೆ ಮಾಡಿದಾಗ ಕೆಳಗಿನ ಮೂರು ತಂತಿಗಳು ಷಡ್ಜ, ಪಂಚಮ, ಮೇಲಿನ ಷಡ್ಜವಾಗುತ್ತವೆ. ತಂಬೂರಿ ಮೀಟಿ ನೋಡಿದವರಿಗೆ ಇದರ ಗುಟ್ಟು ಬಿಡಿಸಿ ಹೇಳಬೇಕಿಲ್ಲ. ಮೆಟಲ್ ಗಿಟಾರಿನ ಆ ದಪ್ಪ ಗುಡುಗು ಬಹಳಷ್ಟು ಸಲ ಸ-ಪ-ಸ ಮಾತ್ರ. ಅದಕ್ಕೇ ‘ಡಿಸ್ಪೊಸಿಷನ್’ ಹಾಡಿನಲ್ಲಿ ತಬಲಾದ ನಾದ ಕೇಳಿಬಂದಾಗ ಹೊರಗಿನಿಂದ ತಂದು ಅಂಟಿಸಿದಂತೆ ಅನಿಸುವುದಿಲ್ಲ.

ಬಿಡುಗಡೆಯಾದ ಮೊದಲ ವಾರದಲ್ಲಿ ಅಮೆರಿಕದಲ್ಲಿ 5,55,200 ಪ್ರತಿಗಳು ಮಾರಾಟವಾಗಿ ಆಲ್ಬಮ್ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನಕ್ಕೆ ಏರಿತು. ಏಳು, ಒಂಬತ್ತು, ಹನ್ನೊಂದು ನಿಮಿಷದ ಹಾಡುಗಳಿರುವ ಕೃತಿಗೆ ಅಂಥ ಸ್ವಾಗತ! 2002ರಲ್ಲಿ ‘ಸ್ಕಿಸಮ್’ಗೆ ಮೆಟಲ್ ವಿಭಾಗದ ಗ್ರ್ಯಾಮಿ ಬಂದಿತು. 2003ರಲ್ಲಿ ಅಮೆರಿಕದಲ್ಲಿ ಡಬಲ್ ಪ್ಲಾಟಿನಂ ಮನ್ನಣೆ ಸಿಕ್ಕಿತು, ಅಂದರೆ ಇಪ್ಪತ್ತು ಲಕ್ಷ ಪ್ರತಿ. ಎಲ್ಲರೂ ಒಪ್ಪಲಿಲ್ಲ. ಪಿಚ್‌ಫೋರ್ಕ್ ಪತ್ರಿಕೆ ಹತ್ತಕ್ಕೆ 1.9 ಅಂಕ ಕೊಟ್ಟಿತು. ವಿಮರ್ಶೆಯನ್ನು ಶಾಲಾ ಹುಡುಗನೊಬ್ಬ ಬರೆದ ಪ್ರಬಂಧದ ರೂಪದಲ್ಲಿ ಅಣಕವಾಗಿ ಬರೆಸಿತ್ತು. ಕೃತಿ ಅತಿ ಉದ್ದ, ತನ್ನನ್ನು ತಾನು ಬಹಳ ಗಂಭೀರವಾಗಿ ಕಾಣುತ್ತದೆ ಎಂಬ ದೂರು ಬೇರೆಯವರದೂ ಹೌದು. ಉದ್ದದ ದೂರಿನಲ್ಲಿ ಹುರುಳಿದೆ, ಕೊನೆಯ ಇಪ್ಪತ್ತೈದು ನಿಮಿಷ ತಾಳ್ಮೆ ಬೇಡುತ್ತದೆ. ಆದರೆ ಗಾಂಭೀರ್ಯವನ್ನೇ ತಪ್ಪು ಎನ್ನುವುದನ್ನು ನಾನು ಒಪ್ಪಲಾರೆ. ವಿಲಂಬಿತ ಖ್ಯಾಲನ್ನು ಒಂದು ಗಂಟೆ ಕೂತು ಕೇಳುವ ಊರಿನವನು ನಾನು.

ಅಭಿಮಾನಿಗಳ ಸ್ವಾಗತ ಇನ್ನೊಂದು ತುದಿಗೆ ಹೋಯಿತು. ಸರಣಿ ಪತ್ತೆಯಾದದ್ದೇ ತಡ, ಎಲ್ಲೆಡೆ ಸಂಖ್ಯೆ ಹುಡುಕುವ ಉತ್ಸಾಹ ಹಬ್ಬಿತು. ಕೀನನ್ ಹಾಡಲು ಶುರು ಮಾಡುವುದು 1 ನಿಮಿಷ 37ನೇ ಸೆಕೆಂಡಿಗೆ, ಅದು ಸುಮಾರು 1.618 ನಿಮಿಷ, ಅದೇ ಸುವರ್ಣ ಅನುಪಾತ, ಅಂದರೆ ಈ ಸರಣಿಯ ಅಕ್ಕಪಕ್ಕದ ಸಂಖ್ಯೆಗಳ ಅನುಪಾತ ಹತ್ತಿರವಾಗುತ್ತ ಹೋಗುವ ಬೆಲೆ, ಎಂದರು. ಹದಿಮೂರು ತುಣುಕುಗಳ ಕ್ರಮವನ್ನೇ ಬದಲಿಸಿ, ಜೋಡಿಗಳ ಮೊತ್ತ 13 ಆಗುವಂತೆ 6-7, 5-8, 4-9 ಎಂದು ಹೊಂದಿಸಿ, ಇದೇ ನಿಜವಾದ ಕ್ರಮವೆಂದು ‘ಹೋಲಿ ಗಿಫ್ಟ್’ ಹೆಸರಿನಲ್ಲಿ ಹಂಚಿದರು. ಕೆಲವು ಕಡೆ ಒಂದು ಹಾಡಿನಿಂದ ಇನ್ನೊಂದಕ್ಕೆ ದಾಟುವುದು ಅಚ್ಚರಿಪಡುವಷ್ಟು ಚೆನ್ನಾಗಿ ಕೂಡುತ್ತದೆ ಕೂಡ. ಆದರೆ ಒಂದರಿಂದ ಹದಿಮೂರರವರೆಗಿನ ಸಂಖ್ಯೆಗಳನ್ನು ಹೇಗೆ ಜೋಡಿಸಿದರೂ ಏನಾದರೊಂದು ಚಂದ ಕಾಣುತ್ತದೆ. ನನಗೆ ತಂಡ ಕೊಟ್ಟ ಕ್ರಮವೇ ಸರಿ, ಮತ್ತು ಅದನ್ನು ಹೇಳುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ. ಏಕೆಂದರೆ ತಪ್ಪು ಕ್ರಮದಲ್ಲಿ ಎರಡು ವರ್ಷ ಕೇಳಿದ್ದೇನೆ.

ಹಾಸ್ಟೆಲಿನ ಗೆಳೆಯನೊಬ್ಬ ಕೊಟ್ಟ ನಕಲು ಸಿಡಿ ಅದು, ಮೇಲೆ ನೀಲಿ ಮಾರ್ಕರಿನಲ್ಲಿ ಬರೆದ ‘ಟೂಲ್’ ಎಂಬ ಒಂದೇ ಪದ. ಟೂಲ್ ತಂಡದ ಹಾಡುಗಳು ಆನ್‌ಲೈನ್ ಸೇವೆಗಳಿಗೆ ಅಧಿಕೃತವಾಗಿ ಬಂದದ್ದು 2019ರ ಆಗಸ್ಟಿನಲ್ಲಿ. ಅಲ್ಲಿಯವರೆಗೆ ನಮ್ಮಂಥ ಊರುಗಳಲ್ಲಿ ಕೈಯಿಂದ ಕೈಗೆ ಬಂದದ್ದೇ ಗತಿ. ಆ ಸಿಡಿಯಲ್ಲಿ ಹಾಡುಗಳು ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ಕೂತಿದ್ದವು. ‘ಡಿಸ್ಪೊಸಿಷನ್’, ‘ರಿಫ್ಲೆಕ್ಷನ್’, ‘ಟ್ರಯಾಡ್’ ಒಂದೇ ಧ್ಯಾನದ ಮೂರು ಘಟ್ಟಗಳು. ನನ್ನ ಸಿಡಿಯಲ್ಲಿ ಮೊದಲನೆಯದು ಆರಂಭದಲ್ಲಿ, ಮೂರನೆಯದು ಕೊನೆಯಲ್ಲಿ. ‘ಪ್ಯಾರಬಾಲ್’ ಮತ್ತು ‘ಪ್ಯಾರಬೋಲಾ’ ಅಕ್ಷರಕ್ರಮದ ಪುಣ್ಯದಿಂದ ಪಕ್ಕಪಕ್ಕದಲ್ಲಿದ್ದವು, ಆದರೆ ನಡುವೆ ಒಂದು ಸೆಕೆಂಡಿನ ಮೌನ. ಮೊದಲನೆಯದು ಪಿಸುಮಾತಿನಂತೆ ಮೂರು ನಿಮಿಷ ನಡೆದು, ಅದೇ ಸ್ವರದ ಮೇಲೆ ಎರಡನೆಯದು ಸ್ಫೋಟಿಸಬೇಕು. ಆ ಒಂದು ಸೆಕೆಂಡ್ ಎಲ್ಲವನ್ನೂ ಕೆಡಿಸುತ್ತಿತ್ತು. ಮುಂದೆ ಅಸಲಿ ಸಿಡಿ ಕೈಗೆ ಬಂದು ಅಂತರವಿಲ್ಲದೆ ಕೇಳಿದ ದಿನ ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ.

ಅದರ ಹೊದಿಕೆಯನ್ನೂ ಆಗಲೇ ಕಂಡದ್ದು. ಅಲೆಕ್ಸ್ ಗ್ರೇ ಎಂಬ ಕಲಾವಿದರ ಕೆಲಸ. ಪಾರದರ್ಶಕ ಹಾಳೆಗಳ ಮೇಲೆ ಮನುಷ್ಯನ ದೇಹ ಪದರ ಪದರವಾಗಿ ಬರೆದಿದೆ. ಒಂದು ಹಾಳೆ ತೆಗೆದರೆ ಸ್ನಾಯು ಹೋಗುತ್ತದೆ, ಇನ್ನೊಂದು ತೆಗೆದರೆ ಅದರ ಅಡಿಯ ಅಂಗಗಳು, ಕೊನೆಗೆ ಬೆಳಕಿನಂಥ ಆಕಾರ. ಮೈಯ ಮನೆಯನ್ನು ಒಂದೊಂದೇ ಬಾಗಿಲು ತೆರೆದು ಒಳಹೋಗುವ ಕಡಕೋಳ ಮಡಿವಾಳಪ್ಪನ ಪರಂಪರೆಯ ತತ್ವಪದಗಳನ್ನು ಏಕತಾರಿಯ ಜೊತೆ ಕೇಳಿ ಬೆಳೆದ ನನಗೆ ಅದನ್ನು ಯಾರೂ ವಿವರಿಸಬೇಕಾಗಲಿಲ್ಲ.

ಆ ಏಪ್ರಿಲ್ ಸಂಜೆಯ ಮುಂದಿನ ವಾರ ಪಾಠಕ್ಕೆ ಹೋದಾಗ ಗುರುಗಳು ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ 9, 8, 7 ಎಂದು ಬರೆದಿದ್ದರು. ಅಡಿಯಲ್ಲಿ ಅವರೇ ಕಟ್ಟಿದ ಬೋಲುಗಳು, ಅಂದರೆ ತಬಲಾದ ಪೆಟ್ಟುಗಳನ್ನು ಬಾಯಲ್ಲಿ ನುಡಿಯುವ ಅಕ್ಷರಗಳು. ಒಬ್ಬೊಬ್ಬರಾಗಿ ಬಾಯಲ್ಲಿ ನುಡಿದು ಕೈಯಲ್ಲಿ ತಾಳ ಹಾಕಬೇಕು, ಇಪ್ಪತ್ತನಾಲ್ಕು ಮುಗಿದ ಮೇಲೆ ಸಮದಲ್ಲಿ ನಿಲ್ಲಬೇಕು. ದೊಡ್ಡವರು ಏಳರ ಹತ್ತಿರ ಅವಸರ ಮಾಡಿ ಒಂದು ಮಾತ್ರೆ ಮುಂಚೆಯೇ ಮುಗಿಸುತ್ತಿದ್ದೆವು. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ತನ್ನ ಕನ್ನಡ ನೋಟ್‌ಬುಕ್ ತೆಗೆದು, ಬೋಲುಗಳ ಮೇಲೆ ಪ್ರಸ್ತಾರ ಹಾಕುವಂತೆ ಲಘು ಗುರುಗಳ ಗುರುತು ಬರೆದುಕೊಂಡಳು. ಎರಡು ಸಲ ತುಟಿಯಲ್ಲೇ ನುಡಿದುಕೊಂಡಳು. ಮೂರನೆಯ ಸಲ ಗಟ್ಟಿಯಾಗಿ ಹೇಳಿ, ಒಂಬತ್ತು, ಎಂಟು, ಏಳು ದಾಟಿ, ಗುರುಗಳ ಕೈ ತೊಡೆಗೆ ಬೀಳುವುದಕ್ಕೂ ಅವಳ ‘ಧಾ’ ಬರುವುದಕ್ಕೂ ಸರಿಹೋಯಿತು.